ತಾನೇ ಹೊರಳುವ ಹಾಯಿ

ಮುಂದಿನಕ್ಕನ ಕಥೆ ಹೇಳಬೇಕಾದರೆ ಅವಳು ಕೂರುತ್ತಿದ್ದ ಗೋಣಿಚೀಲದಿಂದಲೇ ಶುರು ಮಾಡಬೇಕು. ನಾಲ್ಕು ಮಡಿಕೆ ಮಾಡಿ, ಅಂಚಿಗೆ ದಪ್ಪ ದಾರದ ಹೊಲಿಗೆ ಹಾಕಿದ ಚೀಲ ಅದು. ದೋಣಿಯ ಮೂತಿಯ ಹತ್ತಿರ, ಹಾಯಿಕಂಬದ ಮುಂದೆ ಒಂದು ಅಡ್ಡಹಲಗೆ, ಹಲಗೆಯ ಮೇಲೆ ಆ ಚೀಲ, ಚೀಲದ ಮೇಲೆ ಅವಳು. ಇಪ್ಪತ್ತೆರಡು ವರ್ಷ ಅಲ್ಲೇ ಕೂತಿದ್ದಳು. ಮುಂದೆ ಕೂರುವವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಮುಂದಿನಕ್ಕ. ಹಿಂದೆ ಚುಕ್ಕಾಣಿ ಹಿಡಿದು ಕೂರುವ ಅವಳ ಗಂಡ ದೋಣಿಯಣ್ಣ. ಊರಿಗೆಲ್ಲ ಅಣ್ಣ, ಅಕ್ಕ ಆದ ಗಂಡಹೆಂಡತಿ ಇನ್ನೆಲ್ಲಾದರೂ ಇದ್ದಾರೆಯೇ ಎಂದು ಹತ್ತುವವರೂ ಇಳಿಯುವವರೂ ತಮಾಷೆ ಮಾಡುತ್ತಿದ್ದರು. ಅವರಿಬ್ಬರೂ ನಗುತ್ತಿರಲಿಲ್ಲ. ಸಾವಿರ ಸಲ ಕೇಳಿದ ತಮಾಷೆಗೆ ಯಾರು ನಗುತ್ತಾರೆ ಹೇಳಿ.

ಆ ನೀರು ಎಂಥದೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಸಾಲುಮನೆ, ನಡುವೆ ಓಣಿಯಂತೆ ನೀರು. ಒಂದು ದಡದ ಕಿಟಕಿಯಲ್ಲಿ ಕೆಮ್ಮಿದರೆ ಇನ್ನೊಂದು ದಡದವರು ಔಷಧ ಹೇಳುವಷ್ಟು ಕಿರಿದು. ಕೆಳಗಿನ ಕಟ್ಟೆಯಲ್ಲಿ ಜನ ಹತ್ತಬೇಕು, ಆಸ್ಪತ್ರೆ, ಶಾಲೆ, ಕಚೇರಿ ಇರುವ ಮೇಲಿನ ಕಟ್ಟೆಯಲ್ಲಿ ಇಳಿಯಬೇಕು. ಗೋಡೆ ಕುಸಿದೀತೆಂದು ಮೋಟಾರು ದೋಣಿಗೆ ಅಪ್ಪಣೆ ಇರಲಿಲ್ಲ. ಬೆಳಗಿನ ಹೊತ್ತು ಗಾಳಿ ಬೀಸುವುದು ನೇರವಾಗಿ ಎದುರಿನಿಂದ. ಗಾಳಿಯ ಮುಖಕ್ಕೆ ಯಾವ ಹಾಯಿದೋಣಿಯೂ ನೇರ ಹೋಗದು. ಈ ಗೋಡೆಯಿಂದ ಆ ಗೋಡೆಗೆ ಓರೆಯಾಗಿ ಹೋಗಿ, ಅಲ್ಲಿ ಮೂತಿ ಹೊರಳಿಸಿ, ಮತ್ತೆ ಈ ಗೋಡೆಗೆ ಬರಬೇಕು. ಅಂಥ ಹೊರಳು ಒಂದು ಪ್ರಯಾಣಕ್ಕೆ ನಲವತ್ತೊಂದು. ದಿನಾ ಅದೇ ದೋಣಿಯಲ್ಲಿ ಶಾಲೆಗೆ ಹೋಗುತ್ತಿದ್ದ ಟೀಚರಮ್ಮ ಒಮ್ಮೆ ಎಣಿಸಿ ಹೇಳಿದ ಲೆಕ್ಕ ಇದು. ಟೀಚರಮ್ಮನಿಗೆ ಎಣಿಸದೆ ಕೂರಲು ಬರುತ್ತಿರಲಿಲ್ಲ. ಹತ್ತಿದವರ ಚಪ್ಪಲಿಯನ್ನೂ ಎಣಿಸುತ್ತಿದ್ದಳು.

ಪ್ರತಿ ಹೊರಳಿಗೂ ಹಿಂದಿನ ದೊಡ್ಡ ಹಾಯಿ ತಾನಾಗಿ ಮಗ್ಗುಲು ಬದಲಿಸುತ್ತದೆ. ಮುಂದಿನ ಹಾಯಿ ಹಾಗಲ್ಲ. ಅದು ಕಂಬವನ್ನು ದಾಟಿ ಹಿಂದಕ್ಕೆ ಬರುವಷ್ಟು ಅಗಲ, ಅದರ ಮೂಲೆಗೆ ಎರಡು ಹಗ್ಗ, ಎಡಕ್ಕೊಂದು ಬಲಕ್ಕೊಂದು. ಗಂಡ "ಹೊರಳ್ತು" ಎಂದ ತಕ್ಷಣ ಒಂದು ಹಗ್ಗ ಬಿಚ್ಚಿ, ಬಟ್ಟೆಯನ್ನು ಕಂಬದ ಮುಂದಿನಿಂದ ಆ ಬದಿಗೆ ಎಳೆದು ಇನ್ನೊಂದು ಹಗ್ಗ ಬಿಗಿಯಬೇಕು. ಆ ನೀರಿನ ದೋಣಿಗಳಲ್ಲೆಲ್ಲ ಈ ಕೆಲಸ ಮನೆಯ ಹೆಂಗಸಿನದು. ಹೆಂಡತಿ, ಇಲ್ಲವೇ ಅಕ್ಕ, ಇಲ್ಲವೇ ಅತ್ತಿಗೆ.

ಅವಳು ಬಂದ ಮನೆಯೂ ಹಾಯಿ ಹೊಲಿಯುವವರ ಮನೆಯೇ. ಅಪ್ಪ ಕೊಟ್ಟ ಚರ್ಮದ ಅಂಗೈಪಟ್ಟಿ, ಮೇಣದ ಉಂಡೆ, ಸೂಜಿಯ ಡಬ್ಬಿ ಮದುವೆಯ ಸೀರೆಗಳ ಜೊತೆಗೇ ಬಂದಿದ್ದವು. ಸೀರೆಗಳು ಎಂದೋ ಹರಿದುಹೋದವು, ಡಬ್ಬಿ ಹಾಗೇ ಇತ್ತು. ಮಹಡಿಯ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಊರ ದೋಣಿಗಳ ಹರಿದ ಹಾಯಿ ಹೊಲಿಯುತ್ತಿದ್ದಳು. ಅವಳು ಹೊಲಿದ ಅಂಚು ಬಿಚ್ಚಿತೆಂದು ಯಾರೂ ಅಂದದ್ದಿಲ್ಲ. ಅವಳಿಗೆ ಇದ್ದ ಜಂಬ ಅದೊಂದೇ.

ದೋಣಿಯಣ್ಣ ಕೆಟ್ಟವನೇನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಆದರೆ ಒಂದು ಮಾತು ಮಾತ್ರ ಇಪ್ಪತ್ತೆರಡು ವರ್ಷವೂ ಬಿಡಲಿಲ್ಲ.

"ನಿನ್ ಕೈ ಯಾವಾಗ್ಲೂ ಒಂದು ಉಸಿರು ತಡ ಕಣೇ. ನಾನ್ ಹೊರಳ್ತು ಅಂದ್ಮೇಲೆ ಏನ್ ಮುಹೂರ್ತ ನೋಡ್ತಿರ್ತೀಯ?"

ಪ್ರಯಾಣಿಕರು ನಗುತ್ತಿದ್ದರು. ಅವಳು ನೀರು ನೋಡುತ್ತಿದ್ದಳು.

ತಡ ಮಾಡುತ್ತಿದ್ದದ್ದು ನಿಜ. ಬೇಕೆಂದೇ ಮಾಡುತ್ತಿದ್ದಳು. ಮದುವೆಯಾದ ಮೂರನೇ ತಿಂಗಳು ಒಂದು ದಿನ ಅವನು ಕೂಗಿದ ಹೊತ್ತಿಗೆ ಅವಳಿಗೆ ಸೀನು ಬಂತು. ಹಗ್ಗ ಬಿಚ್ಚುವುದು ಒಂದು ಉಸಿರು ಹಿಂದೆ ಬಿತ್ತು. ಅಷ್ಟರಲ್ಲಿ ಗಾಳಿ ಹಾಯಿಯ ಬೆನ್ನಿಗೆ ಹೊಡೆದು, ಮೂತಿಯನ್ನು ಬಾಗಿಲು ತಳ್ಳಿದ ಹಾಗೆ ಆ ಕಡೆಗೆ ತಳ್ಳಿಬಿಟ್ಟಿತು. ದೋಣಿ ಅಷ್ಟು ಚೆಂದ ಹೊರಳಿದ್ದನ್ನು ಅವಳು ಕಂಡಿರಲಿಲ್ಲ. ಆಮೇಲೆ ಸೀನು ಬರದಿದ್ದರೂ ಹಿಡಿದಳು. ಹೇಳೋಣವೆಂದು ಒಂದೆರಡು ಸಲ ಬಾಯಿ ತೆರೆದಳು. ಅವನು ತನ್ನ ಚುಕ್ಕಾಣಿಯ ಬಗ್ಗೆ ಹೇಳುವುದರಲ್ಲಿದ್ದ. ಹಗ್ಗ ಬಿಗಿಯಲು ತಿರುಗಿದಳು.

ಒಂದು ಬೆಳಿಗ್ಗೆ ಕೆಳಗಿನ ಕಟ್ಟೆಯ ಪಾಚಿ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಬಲ ಭುಜದ ಕೀಲು ತಪ್ಪಿತು. ಡಾಕ್ಟರು ಕೂರಿಸಿ, ಕೈಯನ್ನು ಎದೆಗೆ ಕಟ್ಟಿ, ಆರು ವಾರ ಎತ್ತಬಾರದು ಎಂದರು.

ಅಂದೇ ಸಂಜೆ ಮೈದುನನ ಹೆಂಡತಿ, ಅಂದರೆ ಓರಗಿತ್ತಿ, ಬಾಗಿಲಲ್ಲಿ ನಿಂತಳು. ಕೆಟ್ಟ ಮನಸ್ಸಿನವಳಲ್ಲ ಅವಳು. ಬಾಯಿ ಮಾತ್ರ ಮುಚ್ಚುವುದಿಲ್ಲ.

"ಅಕ್ಕ, ನೀವೇನೂ ತಲೆಗೆ ಹಚ್ಕೋಬೇಡಿ. ಆರು ವಾರ ತಾನೆ, ನಾನ್ ಕೂರ್ತೀನಿ ಮುಂದೆ. ಹಗ್ಗ ಎಳೆಯೋದೇನು ಬ್ರಹ್ಮವಿದ್ಯೆನಾ?"

"ಅಲ್ಲ ಬಿಡು," ಎಂದಳು ಮುಂದಿನಕ್ಕ.

ಮರುದಿನ ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದಳು. ದೋಣಿ ಹೊರಟಿತು. ಓರಗಿತ್ತಿ ಏನೋ ಅಂದಳು, ನೀರಿನ ಮೇಲೆ ದೋಣಿಯಣ್ಣನ ನಗು ಕೇಳಿತು. ಜೋರು ನಗುವಲ್ಲ, ಗಂಟಲಲ್ಲೇ ಬಂದ ನಗು. ಆದರೂ ನಗು. ಓರಗಿತ್ತಿ ಕೂತಿದ್ದದ್ದು ಅದೇ ಗೋಣಿಚೀಲದ ಮೇಲೆ. ಅದೂ ಒಂದು ಮಡಿಕೆ ಬಿಚ್ಚಿ, ಅಗಲ ಮಾಡಿಕೊಂಡು.

ಗಂಡನ ಬಗ್ಗೆ ಅನುಮಾನವಲ್ಲ. ಅಂಥ ಯೋಚನೆ ಅವಳ ಹತ್ತಿರ ಸುಳಿಯಲಿಲ್ಲ. ಸಂಕಟವೆಲ್ಲ ಆ ಚೀಲದ್ದು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳದೆಂದು ಇದ್ದದ್ದು ಆ ಒಂದೂವರೆ ಅಡಿ ಹಲಗೆ. ಮನೆಯ ಅಡುಗೆಕೋಣೆಯಲ್ಲೂ ಅತ್ತೆಯ ಕಾಲದ ಡಬ್ಬಗಳೇ ಇದ್ದವು. ಹಲಗೆ ಮಾತ್ರ ಅವಳದು. ಆರು ವಾರದಲ್ಲಿ ಜಾಗ ಇನ್ನೊಬ್ಬಳಿಗೆ ಒಗ್ಗಿಬಿಟ್ಟರೆ? ಎಬ್ಬಿಸುವುದು ಹೇಗೆ? ಯಾರೂ ಕೂರದೆ ಖಾಲಿ ಇದ್ದರೆ ಮರಳಿ ಹೋಗಿ ಕೂರಬಹುದು. ಯಾರೂ ಕೂರಬೇಕಾಗಿಯೇ ಇಲ್ಲದಂತೆ ಮಾಡಿದರೆ ಜಾಗ ಖಾಲಿ ಇರುತ್ತದೆ.

ಯೋಚನೆ ಹೋದದ್ದು ಅಷ್ಟೇ ದೂರ. ಒಂದೇ ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ಅವಳ ಅಪ್ಪ ಯಾವಾಗಲೋ ಹೇಳಿದ್ದ ಒಂದು ಮಾತು ನೆನಪಿತ್ತು. ಮುಂದಿನ ಹಾಯಿ ಕಂಬಕ್ಕೆ ತಾಗದಷ್ಟು ಚಿಕ್ಕದಾಗಿದ್ದರೆ ಅದನ್ನು ಎಳೆಯುವ ಗೋಜಿಲ್ಲ, ತಾನೇ ಮಗ್ಗುಲು ಬದಲಿಸೀತು ಎಂದು. ಹಳೆಯ ಬಟ್ಟೆ ಹುಡುಕಿದಳು. ಎಡಗೈಯಲ್ಲಿ ಕತ್ತರಿ ಹಿಡಿದು, ಬಟ್ಟೆಯ ತುದಿಯನ್ನು ಕಾಲ್ಬೆರಳಲ್ಲಿ ಒತ್ತಿ, ದಾರವನ್ನು ಹಲ್ಲಿನಲ್ಲಿ ಎಳೆದು ಹೊಲಿದಳು. ಒಂಬತ್ತು ದಿನ ಹಿಡಿಯಿತು. ಹಾಯಿಯ ಕೆಳ ಅಂಚಿಗೆ ಸಣ್ಣ ಬಿದಿರು ಕಟ್ಟಿದಳು, ಬಟ್ಟೆ ಮುದುಡದಿರಲಿ ಎಂದು. ಹಗ್ಗ ಎರಡರ ಬದಲು ಒಂದೇ. ಕಂಬದ ಮುಂದೆ ದೋಣಿಯ ಈ ಅಂಚಿನಿಂದ ಆ ಅಂಚಿಗೆ ಒಂದು ಕಬ್ಬಿಣದ ಸರಳು, ಸರಳಿನಲ್ಲಿ ಒಂದು ಹಿತ್ತಾಳೆಯ ಬಳೆ, ಬಳೆಗೆ ಆ ಹಗ್ಗ. ದೋಣಿ ಹೊರಳಿದರೆ ಗಾಳಿಯೇ ಹಾಯಿಯನ್ನು ತಳ್ಳುತ್ತದೆ, ಬಳೆ ಜಾರಿ ಆ ಬದಿಗೆ ಹೋಗಿ ನಿಲ್ಲುತ್ತದೆ. ಮುಟ್ಟುವವರು ಬೇಡ.

ಸರಳು ಕೂರಿಸಲು ಬಡಗಿ ಬಂದ. ಬಾಯಲ್ಲಿ ಯಾವಾಗಲೂ ನಾಲ್ಕು ಮೊಳೆ ಇಟ್ಟುಕೊಂಡೇ ಮಾತಾಡುವ ಮನುಷ್ಯ. ನುಂಗಿದನೋ ಇಲ್ಲವೋ ಎಂಬ ಭಯ ಕೇಳುವವರಿಗೆ.

"ಇದು ಯಾರ ತಲೆ ಅಕ್ಕ?"

"ತಲೇದಲ್ಲ, ಭುಜದ್ದು."

"ನನ್ ಹೆಂಡ್ತಿಗೂ ಹೀಗೇ ಒಂದು ಮಾಡ್ಕೊಡಿ. ತಾನೇ ಹೊರಳ್ಕೊಳ್ಳೋದು."

ಮೊದಲ ದಿನವೇ ಕೆಲಸ ಮಾಡಿತು. ದೋಣಿಯಣ್ಣ ಅಭ್ಯಾಸಬಲದಿಂದ "ಹೊರಳ್ತು" ಎಂದ, ಬಳೆ ಸರ್ರನೆ ಜಾರಿತು, ಹಾಯಿ ಆ ಕಡೆ ಉಬ್ಬಿತು. ನಲವತ್ತೊಂದು ಸಲ. ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು, "ಪರವಾಗಿಲ್ಲ ಕಣೇ," ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅಂದು ಅವಳಿಗೆ ಭುಜವೂ ನೋಯಲಿಲ್ಲ.

ಓರಗಿತ್ತಿ ನೊಂದುಕೊಂಡಾಳು ಎಂದುಕೊಂಡಿದ್ದಳು. "ಸದ್ಯ ಅಕ್ಕ, ಸೊಂಟ ಹಿಡ್ಕೊಂಡಿತ್ತು ನಂಗೆ," ಎಂದು ಅವಳು ಚೀಲವನ್ನು ತಂದು ಬಾಗಿಲಲ್ಲಿ ಇಟ್ಟು ಹೋದಳು. ಯಾರ ಕೈಯಿಂದ ಉಳಿಸಿಕೊಳ್ಳಲು ಅಷ್ಟು ಹಲ್ಲು ಕಚ್ಚಿದ್ದಳೋ ಅವಳಿಗೆ ಆ ಜಾಗ ಬೇಕಾಗಿಯೇ ಇರಲಿಲ್ಲ.

ಆರು ವಾರ ಮುಗಿಯಿತು. ಡಾಕ್ಟರು ಕಟ್ಟು ಬಿಚ್ಚಿದರು. ಮರುದಿನ ಬೆಳಿಗ್ಗೆ ತಲೆ ಬಾಚಿ, ಚೀಲವನ್ನು ಹಳೆಯ ಮಡಿಕೆಗೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಗೆ ಇಳಿದಳು. ಆರು ವಾರದ ಮೇಲೆ ತವರಿಗೆ ಹೊರಟವಳ ಹಾಗೆ. ಮುಂದಿನ ಹಲಗೆಯ ಮೇಲೆ ಇಬ್ಬರು ಕೂತಿದ್ದರು. ಕಚೇರಿಯವರು, ಮೊಣಕಾಲ ಮೇಲೆ ಚೀಲ.

"ನೀನ್ಯಾಕೆ ಬಂದೆ?" ಎಂದ ದೋಣಿಯಣ್ಣ. ಒರಟಾಗಿ ಅಲ್ಲ. ನಿಜಕ್ಕೂ ತಿಳಿಯದೆ ಕೇಳಿದ.

"ಕಟ್ಟು ಬಿಚ್ಚಿದ್ರಲ್ಲ."

"ಒಳ್ಳೇದಾಯ್ತು. ಮನೇಲಿ ಆರಾಮಾಗಿರು. ಇಲ್ಲೀಗ ಇಬ್ಬರು ಜಾಸ್ತಿ ಹಿಡಿಸ್ತಾರೆ. ನೀನೇ ಮಾಡಿಕೊಟ್ಟ ಅನುಕೂಲ."

ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡಿ, "ಪುಣ್ಯವಂತೆ ಕಣಮ್ಮ, ಇನ್ಮೇಲೆ ವಿಶ್ರಾಂತಿ," ಎಂದಳು. ದೋಣಿ ಹೊರಟಿತು. ಮುಂದಿನಕ್ಕ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಮೀನು ತೊಳೆಯುತ್ತಿದ್ದ ಹೆಂಗಸೊಬ್ಬಳು, "ಏನು ಮುಂದಿನಕ್ಕ, ಹಿಂದೇ ಉಳಿದ್ರಲ್ಲ," ಎಂದಳು. ಅದಕ್ಕೂ ಒಂದು ನಗು ಕೊಟ್ಟು ಮೆಟ್ಟಿಲು ಹತ್ತಿದಳು.

ಒಂದೂವರೆ ತಿಂಗಳು ಹಾಗೇ ಹೋಯಿತು. ಗಾಳಿ ಮೆತ್ತಗಾಗುವ ಕಾಲ ಬಂತು, ದೋಣಿ ಹಟ ಹಿಡಿಯಲು ಶುರುವಾಯಿತು. ಹೊರಳುವಾಗ ಅರ್ಧಕ್ಕೆ ನಿಲ್ಲುವುದು, ಮೂತಿ ಗಾಳಿಗೆ ಕೊಟ್ಟು ಹಾಯಿಗಳೆರಡೂ ಪಟಪಟ ಬಡಿದುಕೊಳ್ಳುವುದು, ಹಾಗೇ ಹಿಂದಕ್ಕೆ ತೇಲುವುದು. ದೋಣಿಯಣ್ಣ ಬಡಗಿಯನ್ನು ಕೇಳಿದ, ಪಕ್ಕದ ದೋಣಿಯವರನ್ನು ಕೇಳಿದ, ಮೀನು ತೊಳೆಯುವವಳನ್ನೂ ಕೇಳಿದನಂತೆ. ಮನೆಯಲ್ಲಿ ಕೇಳಲಿಲ್ಲ. ಬಡಗಿ ಮೊಳೆಗಳ ನಡುವಿನಿಂದ, "ಚುಕ್ಕಾಣಿ ಸಣ್ಣದಾಯ್ತು ಅಣ್ಣ," ಎಂದ. ಒಂದು ಗೇಣು ಅಗಲದ ಹಲಗೆ ಸೇರಿಸಿ ಚುಕ್ಕಾಣಿ ದೊಡ್ಡದು ಮಾಡಿದರು. ಏನೂ ಪ್ರಯೋಜನವಾಗಲಿಲ್ಲ.

ಅವಳಿಗೆ ಕಾರಣ ದೋಣಿ ನಿಂತ ಮೊದಲ ದಿನವೇ ಗೊತ್ತಿತ್ತು. ಕಿಟಕಿಯಿಂದ ಕಾಣುತ್ತಿತ್ತಲ್ಲ. ಬಳೆ ಸರ್ರನೆ ಹೋಗುತ್ತಿತ್ತು. ಒಂದು ಉಸಿರು ಹಿಡಿಯುವವರು ಇರಲಿಲ್ಲ. ಗಾಳಿ ಜೋರಿದ್ದಾಗ ದೋಣಿಯ ಓಟವೇ ಮೂತಿಯನ್ನು ದಾಟಿಸುತ್ತಿತ್ತು, ಗಾಳಿ ಮೆತ್ತಗಾದಾಗ ತಳ್ಳುವವರು ಬೇಕು. ಗಂಡ ತಾನಾಗಿ ಬಂದು ಕೇಳಲಿ ಎಂದು ಕಾದಳು. ಕಾಯುವುದರಲ್ಲಿ ಒಂದು ಸಣ್ಣ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳುವುದು.

ಒಂದು ಬೆಳಿಗ್ಗೆ, ದಾರಿಯಲ್ಲಿ ನೀರಿನ ನಡುವೆ ಉಳಿದಿದ್ದ ಹಳೆಯ ಮುರಿದ ಸೇತುವೆಯ ಎರಡು ಕಂಬಗಳ ನಡುವೆ ದೋಣಿ ಅರ್ಧಕ್ಕೆ ನಿಂತು, ಹಿಂದಕ್ಕೆ ತೇಲಿ, ಕಂಬಕ್ಕೆ ಗುದ್ದಿತು. ಟೀಚರಮ್ಮನ ಕನ್ನಡಕ ನೀರಿಗೆ ಬಿತ್ತು, ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಊತ. ಸಂಜೆಯೊಳಗೆ ಎರಡೂ ದಡದಲ್ಲಿ ಒಂದೇ ಮಾತು. ಒಂದು ಕೈಯಲ್ಲಿ ಹೊಲಿದ ಹಾಯಿ ಅದು, ಹೇಗೆ ಸರಿ ಇರುತ್ತೆ, ಅಳತೆ ತಪ್ಪಿದಾಳೆ ಎಂದು. ಹೊಲಿಸಲು ಹಾಯಿ ಕೊಟ್ಟಿದ್ದ ಇಬ್ಬರು ಬಂದು, ಅವಸರವಿದೆ ಎಂದು ಹೇಳಿ, ಹೊಲಿಯದ ಬಟ್ಟೆಯನ್ನು ಸುತ್ತಿಕೊಂಡು ಹೋದರು.

ದೋಣಿಯಣ್ಣ ಮನೆಗೆ ಬಂದು ಚಪ್ಪಲಿ ಬಿಡದೆಯೇ ಹೇಳಿದ:

"ನಿನ್ ಹಾಯಿ ಸಾಕು ಕಣೇ. ಮಾನ ಹೋಯ್ತು. ನಾಳಿದ್ದಿಂದ ಹಳೇದನ್ನೇ ಕಟ್ತೀನಿ. ನೀನೇ ಬಂದು ಮುಂದೆ ಕೂರು."

ಅಷ್ಟು ದಿನ ಕಾದಿದ್ದ ಮಾತು. ಮೆಣಸಿನಪುಡಿ ಹಾಕಿ ಕೊಟ್ಟ ಹಾಗೆ ಬಂತು.

"ಹಾಯಿ ಸರಿಯಾಗೇ ಇದೆ," ಎಂದಳು.

"ಸರಿಯಾಗಿದ್ರೆ ದೋಣಿ ಯಾಕೆ ನಿಲ್ಲುತ್ತೆ?"

"ನಾನು ಹೊರಳೋವಾಗ ಒಂದು ಉಸಿರು ಹಿಡೀತಿದ್ದೆ. ಗಾಳಿ ಮೂತಿ ತಳ್ಳಲಿ ಅಂತ. ಆ ಬಳೆ ಹಿಡಿಯಲ್ಲ, ಅಷ್ಟೇ."

ಅವನು ಅವಳ ಮುಖ ನೋಡಿದ. ಆಮೇಲೆ ನಕ್ಕ. "ಹಿಡೀತಿದ್ಯಾ? ತಡ ಮಾಡ್ತಿದ್ದೆ ಅನ್ನು. ಇಪ್ಪತ್ತೆರಡು ವರ್ಷ ಬೈದಿದೀನಲ್ಲ, ಈಗ ಅದಕ್ಕೂ ಒಂದು ಹೆಸರಿಟ್ಟೆ. ಹೋಗಲಿ ಬಿಡು. ಹಾಯಿ ಕೆಟ್ಟಿದೆ ಅಂತ ಊರೇ ಒಪ್ಪಿದೆ. ನೀನು ಒಪ್ಕೊಂಡು ಬಂದು ಕೂರು."

ಒಪ್ಪಿಕೊಂಡರೆ ಜಾಗ ಸಿಗುತ್ತಿತ್ತು. ಸುಮ್ಮನಿದ್ದರೂ ಸಾಕಿತ್ತು, ಒಪ್ಪಿದಳೆಂದೇ ಅವನು ತಿಳಿಯುತ್ತಿದ್ದ. ಮಾರನೆಯ ದಿನ ಟೀಚರಮ್ಮನ ಹಣೆಯ ಊತ ಕಂಡು ಹೆದರಿ ಯಾರೂ ಹತ್ತಲಿಲ್ಲ, ದೋಣಿ ಹೊರಡಲಿಲ್ಲ. ಇಡೀ ದಿನ ಮುಂದಿನಕ್ಕ ಮಹಡಿಯಲ್ಲಿ ಕೂತಳು. ಗೋಣಿಚೀಲ ಮೂಲೆಯಲ್ಲಿತ್ತು. ಅದನ್ನು ನೋಡಿದಳು. ಆ ಇಬ್ಬರು ಸುತ್ತಿಕೊಂಡು ಹೋದ ಬಟ್ಟೆ ಇದ್ದ ಜಾಗವನ್ನೂ ನೋಡಿದಳು. ಹಲ್ಲಿನಲ್ಲಿ ದಾರ ಎಳೆದು ಹೊಲಿದ ಹಾಯಿ. ಒಂದು ಹೊಲಿಗೆ ಓರೆಯಾದದ್ದಕ್ಕೆ ಅರ್ಧ ಮೊಳ ಬಿಚ್ಚಿ ಮತ್ತೆ ಹೊಲಿದದ್ದು. ಅದು ಕೆಟ್ಟಿದೆ ಎಂದು ಒಪ್ಪಿಕೊಂಡು ಅದರ ಬದಲಿಗೆ ಹೋಗಿ ಕೂರಬೇಕು.

ಅದರ ಮರುದಿನ, ಗಂಡ ಮುಖ ತೊಳೆಯುತ್ತಿದ್ದ ಹೊತ್ತಿಗೆ ಡಬ್ಬಿ ಹಿಡಿದು ಕಟ್ಟೆಗೆ ಇಳಿದಳು. ಮೇಣ ಉಜ್ಜಿದ ಹುರಿಯನ್ನು ಸರಳಿನ ನಟ್ಟನಡುವೆ ಒತ್ತೊತ್ತಾಗಿ ಸುತ್ತಿದಳು, ಹೆಬ್ಬೆರಳಗಲ ಒಂದು ದಿಬ್ಬ ಆಗುವವರೆಗೆ. ಬಳೆ ಜಾರಿ ಬಂದು ಅಲ್ಲಿ ತಡೆಯಬೇಕು. ಗಾಳಿ ಹಾಯಿಯ ಬೆನ್ನಿಗೆ ಹೊಡೆದು ಮೂತಿ ತಳ್ಳಬೇಕು. ಆಮೇಲೆ ಬಳೆ ದಿಬ್ಬ ಹಾರಿ ಆ ಕಡೆ ಹೋಗಬೇಕು. ಒಂದು ಸುತ್ತು ಹೆಚ್ಚಾದರೆ ಬಳೆ ಹಾರುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ಬಳೆಯನ್ನು ಕೈಯಲ್ಲಿ ತಳ್ಳುತ್ತಾ, ತನ್ನ ಉಸಿರು ನೋಡಿಕೊಳ್ಳುತ್ತಾ ಸುತ್ತಿದಳು. ಹದಿನೇಳು ಸುತ್ತಿಗೆ ಸರಿಹೋಯಿತು.

"ಏನ್ ಮಾಡ್ತಿದೀಯ?" ಎಂದ ದೋಣಿಯಣ್ಣ, ಹಳೆಯ ಹಾಯಿಯನ್ನು ಹೆಗಲ ಮೇಲೆ ಹೊತ್ತು ತಂದವನು.

"ಇದೊಂದು ದಿನ ಇದರಲ್ಲೇ ಹೋಗಿ ಬನ್ನಿ. ನಿಂತ್ರೆ ನಾನೇ ಹರಿದು ಹಾಕ್ತೀನಿ."

ನಿಲ್ಲಲಿಲ್ಲ. ಸೇತುವೆಯ ಕಂಬಗಳ ನಡುವೆಯೂ ಬಾಗಿಲು ತಳ್ಳಿದ ಹಾಗೆ ಹೊರಳಿತು.

ಮಧ್ಯಾಹ್ನ ಅವನು ಕಟ್ಟೆಯ ಮೇಲೆ ನಿಂತು ಬಡಗಿಯ ಬೆನ್ನು ತಟ್ಟುತ್ತಿದ್ದ. "ನೀನ್ ಹೇಳಿದ್ದೇ ಸರಿ ಕಣಯ್ಯ. ಚುಕ್ಕಾಣಿ ದೊಡ್ಡದಾಗ್ಬೇಕಿತ್ತು. ಮರ ನೀರು ಕುಡಿದು ಕೂತ್ಕೊಳ್ಳೋಕೆ ಎರಡು ದಿನ ಬೇಕಾಯ್ತು ಅಷ್ಟೇ." ಬಡಗಿ ಅಲ್ಲವೆನ್ನಲಿಲ್ಲ. ಬಾಯಲ್ಲಿ ಮೊಳೆಯಿತ್ತು.

ಮುಂದಿನಕ್ಕ ಮಹಡಿಯ ಕಿಟಕಿ ಮುಚ್ಚಿದಳು. ಸೆಕೆಯ ದಿನ ಅದು.

ಮುಂದಿನ ವರ್ಷದೊಳಗೆ ಉಳಿದ ದೋಣಿಯವರೂ ಬಂದರು. ದೊಡ್ಡ ಚುಕ್ಕಾಣಿಗೆ ಬಡಗಿಯ ಹತ್ತಿರ, ಸಣ್ಣ ಹಾಯಿಗೆ ಅವಳ ಹತ್ತಿರ. ಒಂಬತ್ತು ದೋಣಿಗೆ ಹೊಲಿದಳು, ಒಂಬತ್ತು ಸರಳಿಗೆ ಹುರಿ ಸುತ್ತಿದಳು. ಒಂಬತ್ತು ಹೆಂಗಸರು ದಡಕ್ಕೆ ಇಳಿದರು. ಕೆಲವರಿಗೆ ಸಂತೋಷವೇ ಆಯಿತು, ಸೊಂಟ ಉಳಿಯಿತೆಂದು. ಉಳಿದವರು ಕಟ್ಟೆಯ ಮೇಲೆ ಅವಳನ್ನು ಕಂಡರೆ ಸೆರಗು ಕೊಡವಿ ಎದ್ದುಹೋಗುತ್ತಿದ್ದರು. ಒಬ್ಬಳು ನೇರವಾಗಿ ಅಂದಳು: "ಗಂಡನ ಮುಖ ನೋಡ್ತಾ ಕೂರೋ ಹೊತ್ತು ಅದೊಂದೇ ಇತ್ತು ಮುಂದಿನಕ್ಕ. ಅದನ್ನೂ ಹೊಲಿದು ಮುಚ್ಚಿದ್ರಿ." ಹೆಸರು ಮಾತ್ರ ಹಾಗೇ ಉಳಿಯಿತು, ಮುಂದಿನಕ್ಕ.

ನಾಲ್ಕು ವರ್ಷದ ಮೇಲೆ ಭುಜ ಮತ್ತೆ ತೊಂದರೆ ಕೊಟ್ಟಿತು. ಆಸ್ಪತ್ರೆಗೆ ಹೋಗಲು ಆ ದೋಣಿ ಹತ್ತಿದಳು. ನಡುವಿನ ಹಲಗೆಯಲ್ಲಿ, ಸೊಪ್ಪಿನ ಬುಟ್ಟಿಯವಳ ಪಕ್ಕ ಜಾಗ ಸಿಕ್ಕಿತು. ಹೊಸ ಕನ್ನಡಕದ ಟೀಚರಮ್ಮ ಎದುರಿಗೆ ಕೂತಿದ್ದಳು.

"ದೋಣಿಯಣ್ಣ, ಆ ಬಳೆ ನಡುವೆ ಒಂದು ಕ್ಷಣ ನಿಂತು ಹೋಗುತ್ತಲ್ಲ, ಯಾಕೆ?" ಎಂದು ಕೇಳಿದಳು. ಅವಳು ಅದನ್ನೂ ಎಣಿಸಿದ್ದಿರಬೇಕು.

"ಅದಾ? ಅಲ್ಲಿ ಇವಳು ಹುರಿ ಸುತ್ತಿದಾಳೆ. ಸರಳಿಗೆ ತುಕ್ಕು ಹಿಡೀದೆ ಇರ್ಲಿ ಅಂತ."

ಮುಂದಿನಕ್ಕ ಹುರಿಯನ್ನೇ ನೋಡುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಸುತ್ತಬೇಕಿತ್ತು. ನೋವಿನಲ್ಲಿ ಈ ಸಲ ತಡವಾಗಿ, ಸವೆದು ತೆಳ್ಳಗಾಗಿತ್ತು. ಸೇತುವೆಯ ಕಂಬ ಹತ್ತಿರ ಬಂತು. ಹಿಂದಿನಿಂದ "ಹೊರಳ್ತು" ಎಂಬ ಕೂಗು. ಬಳೆ ಸವೆದ ಹುರಿಯ ಮೇಲೆ ನಿಲ್ಲದೆ ಹೋಗಿಬಿಡುತ್ತದೆಂದು ಅವಳ ಕೈಗೆ ಅವಳಿಗಿಂತ ಮುಂಚೆ ತಿಳಿಯಿತು. ಎದ್ದು, ಬುಟ್ಟಿಯವಳ ಮೇಲೆ ಬಾಗಿ, ಹಗ್ಗ ಹಿಡಿದಳು. ಒಂದು ಉಸಿರು. ಮೂತಿ ದಾಟಿತು. ಬಿಟ್ಟಳು.

"ಕೈ ತೆಗಿಯೇ," ಎಂದ ದೋಣಿಯಣ್ಣ. "ಅದು ತಾನೇ ಹೋಗುತ್ತೆ."

ಜನ ನಕ್ಕರು. ಅವಳು ಕೂತಳು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಭುಜ ಸುಡುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಕಟ್ಟೆಗೆ ಬಂದಾಗ ಅವಳು ದೋಣಿಯಲ್ಲಿ ಮಂಡಿಯೂರಿ, ಹುರಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಸುತ್ತುತ್ತಿದ್ದಳು. ಹನ್ನೆರಡು, ಹದಿಮೂರು.

"ತುಕ್ಕು ಅಂದ್ರೆ ಎಷ್ಟು ಭಯನೇ ನಿಂಗೆ," ಎಂದ.

ಬಾಯಲ್ಲಿ ಹುರಿಯಿತ್ತು. ಹೂಂ ಎನ್ನುವಂತೆ ತಲೆಯಾಡಿಸಿ, ಉಳಿದ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ, ಹತ್ತುವವರಿಗೆ ದಾರಿ ಬಿಟ್ಟು ಇಳಿದಳು.